ಕಟ್ಟಡದ ಹಣಪಾವತಿ ವಿವಾದಗಳಲ್ಲಿ ತೀರ್ಪುಗಾರನ ನಿರ್ಣಯ ಮತ್ತು ನ್ಯಾಯಾಲಯದ ಪರಿಶೀಲನೆ

ಕಟ್ಟಡ ನಿರ್ಮಾಣದ ಉದ್ಯಮದಲ್ಲಿ ಹಣವು ಮೇಲಿನಿಂದ ಕೆಳಕ್ಕೆ ಹರಿದುಬರುತ್ತದೆ. ಮಾಲೀಕನು ಮುಖ್ಯ ಗುತ್ತಿಗೆದಾರನಿಗೂ, ಅವನು ಉಪಗುತ್ತಿಗೆದಾರನಿಗೂ, ಇವನು ಕೆಲಸಗಾರರಿಗೂ ಸಾಮಾನು ಒದಗಿಸಿದ ವರ್ತಕರಿಗೂ ಹಣ ಸಲ್ಲಿಸಬೇಕಾಗುತ್ತದೆ. ನಡುವೆ ಯಾರೊಬ್ಬನು ಕೈ ಬಿಗಿಹಿಡಿದರೂ ಕೆಳಗಿನವರೆಲ್ಲರೂ ಸಂಕಟಕ್ಕೆ ಗುರಿಯಾಗುತ್ತಾರೆ. ವ್ಯಾಜ್ಯ ಹೂಡಿದ ಉಪಗುತ್ತಿಗೆದಾರನಿಗೆ ವರ್ಷಗಳ ಅನಂತರ ಜಯ ಲಭಿಸಬಹುದು. ಆದರೆ ಆ ವೇಳೆಗೆ ಅವನ ವ್ಯಾಪಾರವೇ ಮುಳುಗಿಹೋಗಿದ್ದರೆ ಆ ಜಯದಿಂದ ಪ್ರಯೋಜನವೇನು? ಈ ಪ್ರಶ್ನೆಗೆ ಇಂಗ್ಲೆಂಡು ಕಂಡುಕೊಂಡ ಉತ್ತರವನ್ನೂ, ಅಲ್ಲಿನ ನ್ಯಾಯಾಲಯಗಳು ಆ ಉತ್ತರವನ್ನು ಕಾಪಾಡಿಕೊಂಡು ಬಂದ ರೀತಿಯನ್ನೂ ಪ್ರಕೃತ ಲೇಖನದಲ್ಲಿ ವಿವೇಚಿಸುತ್ತೇವೆ.

ಸರ್ ಮೈಕೇಲ್ ಲೇಥಮ್ ಅವರು 1994ರಲ್ಲಿ ಸಲ್ಲಿಸಿದ ವರದಿಯನ್ನು ಅನುಸರಿಸಿ ಬ್ರಿಟಿಷ್ ಪಾರ್ಲಿಮೆಂಟು 1996ರಲ್ಲಿ ಒಂದು ಶಾಸನವನ್ನು ಮಾಡಿತು. ಇದರ ನಿರ್ಮಾಣ ಕರಾರುಗಳಿಗೆ ಸಂಬಂಧಿಸಿದ ಭಾಗವು 1998ರ ಮೇ ತಿಂಗಳಲ್ಲಿ ಜಾರಿಗೆ ಬಂದಿತು. ಅದರ 108ನೆಯ ಕಲಮಿನ ಪ್ರಕಾರ, ಕರಾರಿನ ಯಾವ ಪಕ್ಷವಾದರೂ ಯಾವ ಸಮಯದಲ್ಲಾದರೂ ವಿವಾದವನ್ನು ನಿಷ್ಪಕ್ಷಪಾತಿಯಾದ ಒಬ್ಬ ತೀರ್ಪುಗಾರನಿಗೆ ಒಪ್ಪಿಸಬಹುದು. ಒಪ್ಪಿಸಿದ 28 ದಿನಗಳೊಳಗೆ ಅವನು ನಿರ್ಣಯ ಕೊಡಬೇಕು. ಅರ್ಜಿದಾರನ ಸಮ್ಮತಿಯಿದ್ದಲ್ಲಿ ಇನ್ನು 14 ದಿನಗಳನ್ನು ತೆಗೆದುಕೊಳ್ಳಬಹುದು. ಈ ನಿರ್ಣಯವು ಅಂತಿಮವಲ್ಲ. ನ್ಯಾಯಾಲಯವಾಗಲಿ ಪಂಚಾಯಿತಿಯಾಗಲಿ ವಿವಾದವನ್ನು ಅಂತಿಮವಾಗಿ ಇತ್ಯರ್ಥಗೊಳಿಸುವವರೆಗೆ, ಇಲ್ಲವೆ ಪಕ್ಷಗಳೇ ರಾಜಿಯಾಗುವವರೆಗೆ ಮಾತ್ರ ಅದು ಬಾಧ್ಯವಾಗಿರುತ್ತದೆ. ಮೊದಲು ಹಣ ಸಲ್ಲಿಸು, ವಾದವನ್ನು ಆಮೇಲೆ ಮಾಡು ಎಂಬುದೇ ಇದರ ತಾತ್ಪರ್ಯ.

ಇಪ್ಪತ್ತೆಂಟು ದಿನಗಳಲ್ಲಿ ರಾಶಿ ಕಾಗದಗಳನ್ನು ಓದಿ ಕೊಡುವ ನಿರ್ಣಯದಲ್ಲಿ ತಪ್ಪುಗಳು ನುಸುಳುವುದು ಸಹಜ. ಸೋತವನು ಹಣ ಕೊಡಲೊಲ್ಲದಿದ್ದರೆ, ಗೆದ್ದವನು ಜಾರಿಗಾಗಿ ನ್ಯಾಯಾಲಯಕ್ಕೆ ಹೋಗಬೇಕು. ಆಗ ನ್ಯಾಯಾಧೀಶರು ಆ ತಪ್ಪನ್ನು ತಿದ್ದಬೇಕೆ, ಬೇಡವೆ? ಇಡೀ ವಿಷಯದ ತಿರುಳು ಇರುವುದು ಇಲ್ಲಿ.

1999ರಲ್ಲಿ ಮೇಕಾಬ್ ಮತ್ತು ಮಾರಿಸನ್ ಸಂಸ್ಥೆಗಳ ನಡುವಣ ಮೊಕದ್ದಮೆಯಲ್ಲಿ ನ್ಯಾಯಾಧೀಶ ಡೈಸನ್ ಅವರು ಮೊದಲ ಉತ್ತರವನ್ನು ಕೊಟ್ಟರು. ನಿರ್ಣಯದ ಸಿಂಧುತ್ವವನ್ನು ಪ್ರಶ್ನಿಸಿದ ಮಾತ್ರಕ್ಕೆ ಅದು ನಿರ್ಣಯವಲ್ಲವೆಂದಾಗುವುದಿಲ್ಲ. ಹಾಗೆ ಒಪ್ಪಿದರೆ ಪಾರ್ಲಿಮೆಂಟಿನ ಉದ್ದೇಶವೇ ವಿಫಲವಾಗುತ್ತದೆ ಎಂಬುದು ಅವರ ಅಭಿಪ್ರಾಯದ ಸಾರ.

ಈ ತತ್ತ್ವದ ನಿಜವಾದ ಪರೀಕ್ಷೆ ನಡೆದದ್ದು ಬೂಯಿಗ್ ಮತ್ತು ಡಾಲ್-ಜೆನ್ಸನ್ ಸಂಸ್ಥೆಗಳ ಮೊಕದ್ದಮೆಯಲ್ಲಿ. ಬೂಯಿಗ್ ಮುಖ್ಯ ಗುತ್ತಿಗೆದಾರ. ಡಾಲ್-ಜೆನ್ಸನ್ ಅದರ ಉಪಗುತ್ತಿಗೆದಾರ. ಕೆಲಸದಲ್ಲಿ ದೋಷ ಕಂಡುಬಂದರೆ ಬೇಕಾದೀತೆಂದು ಸಲ್ಲಬೇಕಾದ ಹಣದಲ್ಲಿ ಒಂದಂಶವನ್ನು ಹಿಡಿದಿಟ್ಟುಕೊಳ್ಳುವುದು ಈ ಉದ್ಯಮದ ವಾಡಿಕೆ. ಇನ್ನೂ ಬಿಡುಗಡೆಗೆ ಬಾರದಿದ್ದ ಆ ಹಣವನ್ನು ತೀರ್ಪುಗಾರನು ಲೆಕ್ಕದ ಒಂದು ಕಡೆಗೆ ಸೇರಿಸಿ, ಇನ್ನೊಂದು ಕಡೆಗೆ ಸೇರಿಸದೆ ಬಿಟ್ಟನು. ಪರಿಣಾಮವಾಗಿ ಉಪಗುತ್ತಿಗೆದಾರನಿಗೆ 2,07,741 ಪೌಂಡು ಸಲ್ಲಬೇಕೆಂದಾಯಿತು. ಲೆಕ್ಕ ಸರಿಯಾಗಿದ್ದಲ್ಲಿ ಉಪಗುತ್ತಿಗೆದಾರನೇ 1,41,254 ಪೌಂಡನ್ನು ಹಿಂದಿರುಗಿಸಬೇಕಾಗಿತ್ತು! ತಪ್ಪು ಕಣ್ಣಿಗೆ ಕಾಣುವಂತಿದ್ದರೂ 2000ದಲ್ಲಿ ಮೇಲ್ಮನವಿ ನ್ಯಾಯಾಲಯವು ನಿರ್ಣಯವು ಬಾಧ್ಯವೆಂದೇ ಹೇಳಿತು. ತೀರ್ಪುಗಾರನು ತನಗೊಪ್ಪಿಸಿದ ಪ್ರಶ್ನೆಗೇ ಉತ್ತರ ಕೊಟ್ಟಿದ್ದಾನೆ. ಉತ್ತರ ತಪ್ಪಾಗಿರಬಹುದು, ಆದರೆ ಅದು ಅವನ ಅಧಿಕಾರವ್ಯಾಪ್ತಿಯೊಳಗಿನ ತಪ್ಪು. ತನಗೊಪ್ಪಿಸದ ಪ್ರಶ್ನೆಗೆ ಉತ್ತರಿಸಿದ್ದರೆ ಮಾತು ಬೇರೆಯಾಗುತ್ತಿತ್ತು.

ಹಾಗಾದರೆ ನ್ಯಾಯಾಲಯವು ಪರಿಶೀಲಿಸುವುದೇನು? ಮುಖ್ಯವಾಗಿ ಎರಡು ಅಂಶಗಳನ್ನು. ತೀರ್ಪುಗಾರನಿಗೆ ಈ ವಿವಾದವನ್ನು ನಿರ್ಣಯಿಸುವ ಅಧಿಕಾರವಿತ್ತೆ ಎಂಬುದು ಮೊದಲನೆಯದು. ಸಹಜ ನ್ಯಾಯದ ನಿಯಮಗಳಿಗೆ ಗಂಭೀರವಾದ ಭಂಗ ಬಂದಿದೆಯೆ ಎಂಬುದು ಎರಡನೆಯದು. ಪಕ್ಷಪಾತ ತೋರಿದುದು, ಫಲಿತಾಂಶವನ್ನು ಬದಲಿಸಬಲ್ಲ ಅಂಶದ ಮೇಲೆ ಒಂದು ಪಕ್ಷಕ್ಕೆ ಉತ್ತರ ಹೇಳಲು ಅವಕಾಶ ಕೊಡದಿದ್ದುದು ಇಂಥವು. ಸೋತವರು ಈ ಎರಡು ಬಾಗಿಲುಗಳ ಮೂಲಕ ಗುಣಾವಗುಣಗಳ ಚರ್ಚೆಯನ್ನು ಒಳತರಲು ಯತ್ನಿಸುವುದುಂಟು. ಕೆರಿಲಿಯನ್ ಮತ್ತು ಡೆವನ್‌ಪೋರ್ಟ್ ಮೊಕದ್ದಮೆಯಲ್ಲಿ 2005ರಲ್ಲಿ ಮೇಲ್ಮನವಿ ನ್ಯಾಯಾಲಯವು ಅಂಥ ಯತ್ನಗಳಿಗೆ ಉತ್ತೇಜನ ಕೊಡಬಾರದೆಂದು ಸ್ಪಷ್ಟಪಡಿಸಿತು.

ಆದರೂ ಈ ವ್ಯವಸ್ಥೆಯಲ್ಲಿ ಒಂದು ಅಪಾಯವಿದೆ. ಇಂದು ತಪ್ಪಾಗಿ ಕೊಟ್ಟ ಹಣ ನಾಳೆ ಹಿಂದಕ್ಕೆ ಬರಬೇಕಾದರೆ ಪಡೆದವನು ದಿವಾಳಿಯಾಗಿರಬಾರದು. ಡಾಲ್-ಜೆನ್ಸನ್ ಸಂಸ್ಥೆಯಾದರೋ ಆಗಲೇ ಸಮಾಪನದಲ್ಲಿತ್ತು. ಆದುದರಿಂದ ನ್ಯಾಯಾಲಯವು ನಿರ್ಣಯವನ್ನು ಎತ್ತಿಹಿಡಿದರೂ ಹಣದ ವಸೂಲಿಗೆ ತಡೆಯಾಜ್ಞೆ ಕೊಟ್ಟಿತು. ನಿರ್ಣಯವನ್ನು ತಿದ್ದುವುದು ಬೇರೆ, ಅದರ ಜಾರಿಯನ್ನು ತಡೆಯುವುದು ಬೇರೆ ಎಂಬ ಈ ಸೂಕ್ಷ್ಮವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ದಿವಾಳಿಯಾದ ಸಂಸ್ಥೆಯೂ ತೀರ್ಪುಗಾರನ ಬಳಿಗೆ ಹೋಗಬಹುದೆಂದೂ, ಜಾರಿಯ ಪ್ರಶ್ನೆಯನ್ನು ಆ ಹಂತದಲ್ಲಿ ನೋಡಿಕೊಳ್ಳಬಹುದೆಂದೂ 2020ರಲ್ಲಿ ಬ್ರೆಸ್ಕೊ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು.

ಇಂಗ್ಲೆಂಡಿನ ಮಾದರಿ ಇತರ ದೇಶಗಳಲ್ಲಿಯೂ ನಾನಾ ರೂಪಗಳಲ್ಲಿ ಬೇರೂರಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತ 1999ರಲ್ಲಿ ಇಂಥ ಶಾಸನ ಮಾಡಿತು. ಅಧಿಕಾರವ್ಯಾಪ್ತಿಯನ್ನು ಮೀರದ ಕಾನೂನಿನ ತಪ್ಪಿಗಾಗಿ ತೀರ್ಪುಗಾರನ ನಿರ್ಣಯವನ್ನು ರದ್ದುಪಡಿಸಲಾಗದೆಂದು 2018ರಲ್ಲಿ ಪ್ರೋಬಿಲ್ಡ್ ಮೊಕದ್ದಮೆಯಲ್ಲಿ ಆ ದೇಶದ ಹೈಕೋರ್ಟು ಹೇಳಿತು. ದಾರಿ ಬೇರೆಯಾದರೂ ತಲಪಿದ ನೆಲೆ ಬಹುಮಟ್ಟಿಗೆ ಒಂದೇ.

ನಮ್ಮ ದೇಶದ 1996ರ ಮಧ್ಯಸ್ಥಿಕೆ ಅಧಿನಿಯಮವನ್ನು ಓದುವವರು ಇದನ್ನು ಪಂಚಾಯಿತಿ ತೀರ್ಪಿನೊಡನೆ ಹೋಲಿಸಿ ನೋಡುವುದು ಉಪಯುಕ್ತ. ಎರಡರಲ್ಲಿಯೂ ನ್ಯಾಯಾಲಯವು ಮೇಲ್ಮನವಿಯಂತೆ ಸಾಕ್ಷ್ಯವನ್ನು ಮರುತೂಗುವುದಿಲ್ಲ. ಆದರೆ ಕಾರಣಗಳು ಬೇರೆ. ಪಂಚರ ತೀರ್ಪು ಅಂತಿಮವಾದುದರಿಂದ ನ್ಯಾಯಾಲಯವು ಅದರಲ್ಲಿ ಕೈಹಾಕಲು ಹಿಂಜರಿಯುತ್ತದೆ. ತೀರ್ಪುಗಾರನ ನಿರ್ಣಯವು ತಾತ್ಕಾಲಿಕವಾದುದರಿಂದ ಹಿಂಜರಿಯುತ್ತದೆ. ತಪ್ಪನ್ನು ತಿದ್ದುವ ದಾರಿ ಮುಂದೆ ತೆರೆದೇ ಇರುವುದರಿಂದ, ಅದನ್ನು ಈಗಲೇ ತಿದ್ದಬೇಕೆಂಬ ಅವಸರವಿಲ್ಲ. ಅವಸರವಿರುವುದು ಕೆಲಸ ಮುಗಿಸಿ ಹಣಕ್ಕಾಗಿ ಕಾದು ಕುಳಿತವನಿಗೆ. ತಡವಾಗಿ ಬರುವ ಸರಿಯಾದ ತೀರ್ಪಿಗಿಂತ ವೇಳೆಗೆ ಬರುವ ತಾತ್ಕಾಲಿಕ ನಿರ್ಣಯವೇ ಅವನನ್ನು ಉಳಿಸೀತೆಂಬುದು ಈ ಶಾಸನದ ನಂಬಿಕೆ. ನ್ಯಾಯಾಲಯಗಳ ಸಂಯಮವಿಲ್ಲದೆ ಆ ನಂಬಿಕೆ ಫಲಿಸಲಾರದು.