ಹೋಟೆಲ್ ಒಲೆ ಮನೆಗೆ ತರುವ ಮುನ್ನ: ತಪ್ಪು ಕಲ್ಪನೆ ಮತ್ತು ಸತ್ಯ

ಗೌರಿ-ಗಣೇಶ ಹಬ್ಬ ಹತ್ತಿರವಾದಂತೆ ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ಹೋಳಿಗೆ ಮಾಡಿ ಮಾರುವವರಿಗೆ ಆರ್ಡರ್‌ಗಳು ಹೆಚ್ಚುತ್ತವೆ. ಮನೆಯ ಸ್ಟವ್ ಮೇಲೆ ದೊಡ್ಡ ಬಾಣಲೆ ಕೂರುವುದಿಲ್ಲ, ಎಣ್ಣೆ ಕಾಯುವುದಕ್ಕೇ ಹೊತ್ತಾಗುತ್ತದೆ. ಆಗ ಕಣ್ಣು ಹೋಗುವುದು ಕಬ್ಬಿಣದ ಚೌಕಟ್ಟಿನ, ಹೈ ಪ್ರೆಶರ್ ಬರ್ನರಿನ ಹೋಟೆಲ್ ಒಲೆಯ ಕಡೆಗೆ. ದುಡಿದು ನಾಲ್ಕು ಕಾಸು ಸಂಪಾದಿಸುವ ಈ ಆಸೆಗೆ ಯಾರೂ ಅಡ್ಡಿ ಹೇಳಬಾರದು. ಆದರೆ ಆ ಒಲೆಯ ಬಗ್ಗೆ ಬಾಯಿಂದ ಬಾಯಿಗೆ ಹರಡಿರುವ ಕೆಲವು ಮಾತುಗಳು ಮನೆಯವರ ಜೀವಕ್ಕೇ ಕುತ್ತು ತರಬಲ್ಲವು. ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ದೊಡ್ಡದಾದರೂ ಅದೂ ಒಲೆಯೇ. ಜಾಗ ಹಿಡಿಸಿದರೆ ಸಾಕು.

ಸತ್ಯ: ಒಲೆಗೆ ಜಾಗಕ್ಕಿಂತ ಮೊದಲು ಬೇಕಾದದ್ದು ಗಾಳಿ. ಮನೆಯ ಸ್ಟವ್‌ನ ಒಂದು ಬರ್ನರ್ ಗಂಟೆಗೆ ಸುಮಾರು 150ರಿಂದ 200 ಗ್ರಾಂ ಗ್ಯಾಸ್ ಉರಿಸುತ್ತದೆ. ಹೈ ಪ್ರೆಶರ್ ಬರ್ನರ್ ಪೂರ್ತಿ ತೆರೆದರೆ ಒಂದು ಕೆ.ಜಿ.ಯ ಹತ್ತಿರಕ್ಕೂ ಹೋಗಬಹುದು. ಒಂದು ಕೆ.ಜಿ. ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಹತ್ತಡಿ ಉದ್ದ, ಎಂಟಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯಲ್ಲಿ ಇರುವ ಗಾಳಿಯೇ ಸುಮಾರು 22 ಘನ ಮೀಟರ್. ಅಂದರೆ ಒಂದೇ ಬರ್ನರ್ ಒಂದು ಗಂಟೆಯಲ್ಲಿ ಕೋಣೆಯ ಅರ್ಧಕ್ಕಿಂತ ಹೆಚ್ಚು ಗಾಳಿಯನ್ನು ಬಳಸಿಬಿಡುತ್ತದೆ. ಬದಲಿಗೆ ಸುಮಾರು ಮೂರು ಕೆ.ಜಿ. ಇಂಗಾಲದ ಡೈಆಕ್ಸೈಡ್ ಮತ್ತು ಒಂದೂವರೆ ಲೀಟರ್ ನೀರಿನಷ್ಟು ಹಬೆಯನ್ನು ಕೋಣೆಗೆ ಬಿಡುತ್ತದೆ.

ಆಮ್ಲಜನಕ ಮುಗಿಯುವ ತನಕ ಅಪಾಯ ಕಾಯುವುದಿಲ್ಲ. ಅದು ಸ್ವಲ್ಪ ಕಡಿಮೆಯಾದಾಗಲೇ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆಯನ್ನು ಕೆಲಸದ ದಣಿವು ಎಂದುಕೊಳ್ಳುವಷ್ಟರಲ್ಲಿ ಎದ್ದು ಹೊರಗೆ ಹೋಗುವ ಶಕ್ತಿಯೇ ಉಳಿದಿರುವುದಿಲ್ಲ. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರ್ ಜೀವ ತೆಗೆಯುವುದೂ ಇದೇ ಕಾರಣಕ್ಕೆ.

ತಪ್ಪು ಕಲ್ಪನೆ 2: ಚಿಮಣಿ ಇದೆಯಲ್ಲ, ಹೊಗೆಯೆಲ್ಲ ಅದೇ ಎಳೆದುಕೊಳ್ಳುತ್ತದೆ.

ಸತ್ಯ: ಮನೆಯ ಚಿಮಣಿಯನ್ನು ಮಾಡಿರುವುದು ಮನೆಯ ಉರಿಗೆ. ಹೊರಗೆ ಕೊಳವೆಯಿಲ್ಲದೆ ಇದ್ದಿಲಿನ ಫಿಲ್ಟರ್ ಮೂಲಕ ಗಾಳಿಯನ್ನು ಮತ್ತೆ ಕೋಣೆಗೇ ಬಿಡುವ ಚಿಮಣಿ ವಾಸನೆ, ಜಿಡ್ಡನ್ನು ತಗ್ಗಿಸುತ್ತದೆಯೇ ಹೊರತು ಕಾರ್ಬನ್ ಮೊನಾಕ್ಸೈಡನ್ನು ಹಿಡಿಯುವುದಿಲ್ಲ. ಹೊರಗೆ ಬಿಡುವ ಚಿಮಣಿಯಾದರೂ ಒಳಗೆ ಹೊಸ ಗಾಳಿ ಬರುವ ದಾರಿ ಇರಲೇಬೇಕು. ಕಿಟಕಿ, ಬಾಗಿಲು ಮುಚ್ಚಿದ್ದರೆ ಫ್ಯಾನ್ ತಿರುಗಿದರೂ ಗಾಳಿ ಬದಲಾಗದು. ಇನ್ನೊಂದು ಭಯವೂ ಇದೆ. ಹೋಟೆಲ್ ಒಲೆಯ ಜ್ವಾಲೆ ಬಾಣಲೆಯ ಅಂಚು ದಾಟಿ ಮೇಲೇರುತ್ತದೆ. ಫಿಲ್ಟರಿನಲ್ಲಿ ಕೂತಿರುವ ಎಣ್ಣೆಜಿಡ್ಡಿಗೆ ಅದು ತಗುಲಿದರೆ ಬೆಂಕಿ ಕೊಳವೆಯೊಳಗೇ ಹಬ್ಬುತ್ತದೆ.

ತಪ್ಪು ಕಲ್ಪನೆ 3: ಮನೆಯ ರೆಗ್ಯುಲೇಟರ್, ಪೈಪನ್ನೇ ಹೋಟೆಲ್ ಒಲೆಗೂ ಹಾಕಬಹುದು.

ಸತ್ಯ: ಮನೆಯ ರೆಗ್ಯುಲೇಟರ್ ಗ್ಯಾಸನ್ನು ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂ ಒತ್ತಡಕ್ಕೆ ಇಳಿಸಿ ಕೊಡುತ್ತದೆ. ಹೈ ಪ್ರೆಶರ್ ರೆಗ್ಯುಲೇಟರ್ ಕೊಡುವುದು ಅದರ ಹತ್ತಾರು ಪಟ್ಟು. ಬರ್ನರ್ ತನಗೆ ಬೇಕಾದ ಗಾಳಿಯನ್ನು ಸೆಳೆಯುವುದು ಜೆಟ್‌ನಿಂದ ಗ್ಯಾಸ್ ನುಗ್ಗುವ ವೇಗದಿಂದಲೇ. ಒತ್ತಡ ಸಾಲದಿದ್ದರೆ ಉರಿ ಹಳದಿಯಾಗಿ, ಪಾತ್ರೆ ಮಸಿ ಹಿಡಿಯುತ್ತದೆ. ತಿರುಗಾಮುರುಗಾ ಮಾಡಿ ಮನೆಯ ಸ್ಟವ್‌ಗೆ ಹೈ ಪ್ರೆಶರ್ ರೆಗ್ಯುಲೇಟರ್ ಸಿಕ್ಕಿಸಿದರೆ ಜ್ವಾಲೆ ಬರ್ನರಿನಿಂದ ಮೇಲೆ ಹಾರುತ್ತದೆ, ಪೈಪಿನ ಕೀಲುಗಳು ಸೋರುತ್ತವೆ. ಕೊಳವೆಯಲ್ಲಿ ನೈಸರ್ಗಿಕ ಅನಿಲ ಬರುವ ಮನೆಗಳಲ್ಲಂತೂ ಎಲ್‌ಪಿಜಿ ಜೆಟ್‌ನ ಒಲೆ ಹೊಂದುವುದೇ ಇಲ್ಲ. ಅಷ್ಟೇ ಗಾತ್ರದ ನೈಸರ್ಗಿಕ ಅನಿಲದಲ್ಲಿರುವ ಶಾಖ ಎಲ್‌ಪಿಜಿಯದರ ಅರ್ಧಕ್ಕಿಂತ ಕಡಿಮೆ, ಅದಕ್ಕೆ ಬೇಕಾದ ಜೆಟ್ ರಂಧ್ರವೇ ಬೇರೆ.

ತಪ್ಪು ಕಲ್ಪನೆ 4: ಉರಿ ಇಳಿದರೆ ಸಿಲಿಂಡರ್ ಮಲಗಿಸಬೇಕು, ಇಲ್ಲವೇ ಬಿಸಿನೀರು ಸುರಿಯಬೇಕು.

ಸತ್ಯ: ಎರಡೂ ತೀರಾ ಅಪಾಯದ ಉಪಾಯಗಳು. ಸಿಲಿಂಡರಿನಲ್ಲಿ ದ್ರವವಾಗಿರುವ ಗ್ಯಾಸ್ ಆವಿಯಾಗುವಾಗ ತನ್ನ ಸುತ್ತಲಿನ ಶಾಖವನ್ನೇ ಹೀರಿಕೊಳ್ಳುತ್ತದೆ. ಬೇಗಬೇಗ ಎಳೆದರೆ ಸಿಲಿಂಡರ್ ತಣ್ಣಗಾಗಿ ಹೊರಗೆ ಮಂಜು ಕಟ್ಟುತ್ತದೆ, ಒತ್ತಡ ಕುಸಿಯುತ್ತದೆ. ಹೋಟೆಲುಗಳಲ್ಲಿ ಹಲವು ಸಿಲಿಂಡರ್‌ಗಳನ್ನು ಒಂದೇ ಕೊಳವೆಗೆ ಜೋಡಿಸುವುದು ಇದಕ್ಕಾಗಿಯೇ. ಮಲಗಿಸಿದ ಸಿಲಿಂಡರಿನಿಂದ ಆವಿಯ ಬದಲು ದ್ರವವೇ ಪೈಪಿಗೆ ಇಳಿಯುತ್ತದೆ. ಆ ದ್ರವ ಹೊರಬಂದರೆ ಸುಮಾರು 250 ಪಟ್ಟು ಗಾತ್ರದ ಗ್ಯಾಸ್ ಆಗುತ್ತದೆ. ಉರಿ ಪದೇ ಪದೇ ಇಳಿಯುತ್ತಿದ್ದರೆ ಆ ಸಿಲಿಂಡರಿಗೆ ಆ ಒಲೆ ದೊಡ್ಡದಾಯಿತು ಎಂದೇ ಅರ್ಥ.

ತಪ್ಪು ಕಲ್ಪನೆ 5: ಉರಿ ಜೋರಾದಷ್ಟೂ ಅಡುಗೆ ಬೇಗ, ಗ್ಯಾಸೂ ಉಳಿತಾಯ.

ಸತ್ಯ: ದೊಡ್ಡ ಬಾಣಲೆಯ ಎಣ್ಣೆ ಕಾಯಿಸಲು, ಇಪ್ಪತ್ತು ಮೂವತ್ತು ಲೀಟರ್ ನೀರು ಕುದಿಸಲು ದೊಡ್ಡ ಉರಿ ನಿಜವಾಗಿ ನೆರವಾಗುತ್ತದೆ. ಆದರೆ ಸಾರು ಒಮ್ಮೆ ಕುದಿಯಲು ಶುರುವಾದ ಮೇಲೆ ಎಷ್ಟೇ ಉರಿ ಕೊಟ್ಟರೂ ಅದರ ಬಿಸಿ ಏರುವುದಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅಲ್ಲಿಂದಾಚೆ ಕೊಟ್ಟ ಶಾಖವೆಲ್ಲ ಹಬೆಯಾಗಿ ಹೋಗುತ್ತದೆ, ಬೇಳೆ ಬೇಗ ಬೇಯುವುದಿಲ್ಲ. ಭಾರತೀಯ ಮಾನಕ ಐಎಸ್ 4246ರ ಪ್ರಕಾರ ಮನೆಯ ಎಲ್‌ಪಿಜಿ ಸ್ಟವ್‌ನ ಶಾಖ ದಕ್ಷತೆ ಕನಿಷ್ಠ ಶೇ. 68 ಇರಬೇಕು. ಆದರೆ ಸಣ್ಣ ಪಾತ್ರೆಯನ್ನು ದೊಡ್ಡ ಬರ್ನರ್ ಮೇಲಿಟ್ಟರೆ ಆ ದಕ್ಷತೆ ಉಳಿಯುವುದಿಲ್ಲ, ತಳ ದಾಟಿದ ಉರಿಯೆಲ್ಲ ಕೋಣೆಯನ್ನು ಕಾಯಿಸುತ್ತದೆ. ದುಡ್ಡು ಉಳಿಸಲು ಹೋಗಿ ದುಡ್ಡನ್ನೇ ಸುಟ್ಟಂತೆ.

ತಪ್ಪು ಕಲ್ಪನೆ 6: ಗ್ರಾನೈಟ್ ಸ್ಲ್ಯಾಬ್ ಇದೆ, ಬೆಂಕಿಗೆ ಹೆದರಬೇಕಿಲ್ಲ.

ಸತ್ಯ: ಕಲ್ಲು ಹೊತ್ತಿಕೊಳ್ಳುವುದಿಲ್ಲ, ಪಕ್ಕದ ಪ್ಲೈವುಡ್ ಕಪಾಟು ಹೊತ್ತಿಕೊಳ್ಳುತ್ತದೆ. ಹೋಟೆಲ್ ಒಲೆಯ ಬದಿಗಳಿಗೆ ಶಾಖ ತಡೆಯುವ ಹೊದಿಕೆ ಸಾಮಾನ್ಯವಾಗಿ ಇರುವುದಿಲ್ಲ, ಸುತ್ತಲೂ ಟೈಲ್ಸ್, ಸ್ಟೀಲ್ ಇರುತ್ತದೆಂದೇ ಅದನ್ನು ಮಾಡಿರುತ್ತಾರೆ. ದಿನವೂ ಕಾದು ಕಾದು ಒಣಗಿದ ಮರ ಮೊದಲಿಗಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುವಂತಾಗುತ್ತದೆ. ಎತ್ತರವೂ ಮುಖ್ಯ. ಸ್ಲ್ಯಾಬ್ ಮೇಲೆ ಒಲೆ, ಅದರ ಮೇಲೆ ದೊಡ್ಡ ಬಾಣಲೆ ಇಟ್ಟರೆ ಕಾದ ಎಣ್ಣೆ ಎದೆಮಟ್ಟಕ್ಕೆ ಬರುತ್ತದೆ. ಕ್ಯಾಂಟೀನ್ ಒಲೆಗಳನ್ನು ತಗ್ಗಾಗಿ ಮಾಡುವುದು ಈ ಕಾರಣಕ್ಕೆ.

ತಪ್ಪು ಕಲ್ಪನೆ 7: ಸಿಲಿಂಡರ್ ನಮ್ಮ ಹೆಸರಿನದು, ಹೇಗೆ ಬೇಕಾದರೂ ಬಳಸಬಹುದು.

ಸತ್ಯ: 14.2 ಕೆ.ಜಿ.ಯ ಸಿಲಿಂಡರ್ ಮನೆಯ ಅಡುಗೆಗೆ ಮಾತ್ರ. ಮಾರಾಟದ ಅಡುಗೆಗೆ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್ ಪಡೆಯಬೇಕು. 2000ನೇ ಇಸವಿಯ ಎಲ್‌ಪಿಜಿ ಪೂರೈಕೆ ಮತ್ತು ವಿತರಣೆ ಆದೇಶ ಇದನ್ನು ಕಟ್ಟುನಿಟ್ಟಾಗಿ ಹೇಳುತ್ತದೆ. ಮನೆಯಲ್ಲೇ ಮಾಡಿ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು.

ಹಾಗಾದರೆ ದಾರಿ ಏನು?

ದೊಡ್ಡ ಉರಿಯನ್ನು ಮನೆಯ ಹೊರಗಿಡುವುದು ನಮ್ಮಲ್ಲಿ ಹೊಸತಲ್ಲ. ಮದುವೆಯ ಅಡುಗೆಗೆ ಹಿತ್ತಲಲ್ಲಿ ಚಪ್ಪರ ಹಾಕಿ ಒಲೆ ಹೂಡುತ್ತಿದ್ದದ್ದರಲ್ಲಿ ಜಾಗದ ಜೊತೆಗೆ ಗಾಳಿಯ ವಿವೇಕವೂ ಇತ್ತು. ಹಿತ್ತಲೋ, ಎರಡು ಕಡೆ ತೆರೆದ ಶೆಡ್ಡೋ ಇದ್ದರೆ ಹೋಟೆಲ್ ಒಲೆ ಅಲ್ಲಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಹರಡುತ್ತದೆ. ಹಾಗಾಗಿ ತೆರಪು ನೆಲಕ್ಕೆ ಹತ್ತಿರವೂ ಇರಬೇಕು, ಹತ್ತಿರ ಚರಂಡಿ ಗುಂಡಿ ಇರಬಾರದು. ಜೋಡಣೆಯನ್ನು ಏಜೆನ್ಸಿಯ ಮೆಕ್ಯಾನಿಕ್‌ನಿಂದಲೇ ಮಾಡಿಸಿ, ಕೀಲುಗಳನ್ನು ಸೋಪಿನ ನೀರಿನಿಂದ ಪರೀಕ್ಷಿಸಿ. ಸೋರಿಕೆಯಾದರೆ ಕರೆಯಬೇಕಾದ ಸಂಖ್ಯೆ 1906. ಹಿತ್ತಲಿಲ್ಲದ ಫ್ಲ್ಯಾಟ್‌ಗಳಲ್ಲಿ ದೊಡ್ಡ ಬರ್ನರ್ ಇರುವ ಮನೆಯ ಸ್ಟವ್, ದೊಡ್ಡ ಪ್ರೆಶರ್ ಕುಕ್ಕರ್ ಬಹುಪಾಲು ಕೆಲಸ ಮುಗಿಸುತ್ತವೆ. 3.5 ಕಿಲೋವ್ಯಾಟ್ ಇಂಡಕ್ಷನ್ ಒಲೆಯೂ ಒಳ್ಳೆಯದೇ. ಆದರೆ ಅದು ಸುಮಾರು 15 ಆಂಪಿಯರ್ ಎಳೆಯುವುದರಿಂದ ಪ್ರತ್ಯೇಕ ವೈರಿಂಗ್ ಮತ್ತು ಮಂಜೂರಾದ ವಿದ್ಯುತ್ ಲೋಡ್ ಇರಬೇಕು.

ಅಂಗಡಿಗೆ ಹೋಗುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಹೊಸ ಗಾಳಿ ಎಲ್ಲಿಂದ ಬರುತ್ತದೆ? ಸುಟ್ಟ ಗಾಳಿ ಎಲ್ಲಿಂದ ಹೋಗುತ್ತದೆ? ಒಲೆಯ ಸುತ್ತ ಹೊತ್ತಿಕೊಳ್ಳುವಂಥದ್ದು ಏನಿದೆ? ಸಿಲಿಂಡರ್, ರೆಗ್ಯುಲೇಟರ್, ಪೈಪು ಆ ಒಲೆಗೆ ತಕ್ಕವೇ? ಇವುಗಳಲ್ಲಿ ಒಂದಕ್ಕೆ ಸರಿಯಾದ ಉತ್ತರ ಸಿಗದಿದ್ದರೂ ಆ ಒಲೆ ಮನೆಯೊಳಗೆ ಬರಬಾರದು.