ಕಲ್ಲು ನಿಲ್ಲಿಸಿದ ಮನೆಮಂದಿ

ಅಳ್ನಾವರದಿಂದ ಧಾರವಾಡದ ಕಡೆಗೆ ಹೊರಡಿ, ಹಳಿಯಾಳದ ಕಡೆಗೆ ಹೊರಡಿ, ಇಲ್ಲವೆ ಖಾನಾಪುರ, ಕಿತ್ತೂರುಗಳ ಕಡೆಗೆ ಹೊರಡಿ. ಹಳೆಯ ಊರುಗಳಲ್ಲಿ ಹಣಮಪ್ಪನ ಗುಡಿಯ ಮಗ್ಗುಲಿಗೋ ಅಗಸಿಯ ಹತ್ತಿರವೋ ಬೇವಿನಮರದ ಕಟ್ಟೆಯ ಮೇಲೋ ಒಂದು ಕೆತ್ತನೆಯ ಕಲ್ಲು ನಿಂತಿರುವುದುಂಟು. ಅರ್ಧ ಮಣ್ಣಿನಲ್ಲಿ ಹೂತಿರುತ್ತದೆ. ಎಣ್ಣೆ, ಅರಿಷಿಣ, ಕುಂಕುಮ ಹತ್ತಿ ಹತ್ತಿ ಕೆತ್ತನೆ ಮಸುಕಾಗಿರುತ್ತದೆ. ಯಾವ ದೇವರೆಂದು ಕೇಳಿದರೆ ‘ಹಿಂದಿನವರು ಪೂಜಾ ಮಾಡ್ತಿದ್ರು, ನಾವೂ ಮಾಡ್ತೀವಿ’ ಎಂಬ ಉತ್ತರ ಸಿಗುತ್ತದೆ. ಅದು ವೀರಗಲ್ಲು. ಊರಿಗಾಗಿ ಕಾದಿ ಸತ್ತ ಒಬ್ಬ ಮನುಷ್ಯನ ಗುರುತು.

ಆಗಸ್ಟ್ 15, ಜನವರಿ 26 ರಜೆಯ ದಿನಗಳು. ಮಕ್ಕಳು ಪ್ರಭಾತ ಫೇರಿ ಮುಗಿಸಿ, ಝೆಂಡಾ ಏರಿಸಿ, ಕೈಯಲ್ಲಿ ಸಿಹಿ ಹಿಡಿದು ಒಂಬತ್ತು ಗಂಟೆಗೆಲ್ಲ ಮನೆಗೆ ಬಂದಿರುತ್ತಾರೆ. ಉಳಿದ ದಿನ ಟಿವಿ, ಮೊಬೈಲಿನ ಪಾಲು. ಆ ಹೊತ್ತಿನಲ್ಲಿ ಮನೆಮಂದಿಯೆಲ್ಲ ಕೂಡಿ ತಮ್ಮೂರ ವೀರಗಲ್ಲಿನ ಮುಂದೆ ಹೋಗಿ ಕೂತರೆ, ಸೈನಿಕರನ್ನು ನೆನೆಯುವುದೆಂದರೆ ಏನು ಎನ್ನುವುದನ್ನು ಆ ಕಲ್ಲೇ ಕಲಿಸುತ್ತದೆ. ಸಾವಿರ ವರ್ಷಕ್ಕೂ ಹಿಂದಿನಿಂದ ಕನ್ನಡಿಗರು ಇದಕ್ಕೊಂದು ಕ್ರಮ ಮಾಡಿಕೊಂಡಿದ್ದರು, ಅದನ್ನು ನಾವು ಅರ್ಧ ಮರೆತಿದ್ದೇವೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂಕಣ. ಕೆಳಗಿನದರಲ್ಲಿ ಕಾಳಗ: ಕತ್ತಿ, ಗುರಾಣಿ, ಬಿಲ್ಲು, ಕೆಲವೊಮ್ಮೆ ಕುದುರೆ. ಹಿಂದೆ ದನಗಳ ಸಾಲು ಕಂಡರೆ ಅದು ತುರುಗೋಳ್, ಅಂದರೆ ಊರ ದನ ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿ ಸತ್ತವನ ಕಲ್ಲು. ನಡುವಿನ ಅಂಕಣದಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆಯಿಂದ ಎತ್ತಿಕೊಂಡು ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ಮಗ್ಗುಲಿಗೆ ನಂದಿ. ನೆತ್ತಿಯ ಮೇಲೆ ಸೂರ್ಯ, ಚಂದ್ರ. ಅವೆರಡು ಇರುವ ತನಕ ಈ ಹೆಸರು ಇರಲಿ ಎಂದು ಅದರ ಅರ್ಥ. ಹತ್ತಿರದಲ್ಲೇ ಬಳೆ ತೊಟ್ಟ ತೋಳೊಂದು ಕೆತ್ತಿದ ಕಲ್ಲಿದ್ದರೆ ಅದು ಮಾಸ್ತಿಗಲ್ಲು. ಗಂಡನ ಹಿಂದೆ ಬೆಂಕಿಗೆ ಹೋದ ಹೆಂಗಸಿನದು. ಅದನ್ನು ತೋರಿಸುವಾಗ ಆ ಕಾಲ ಹೋದದ್ದು ಒಳ್ಳೆಯದಾಯಿತು ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಕಾಳಗವಷ್ಟೇ ಅಲ್ಲ, ಊರಳಿವು, ಪೆಣ್ಬುಯ್ಯಲ್, ಗಡಿಜಗಳ, ಹುಲಿ–ಹಂದಿಯ ಬೇಟೆ, ಇವೆಲ್ಲಕ್ಕೂ ಕಲ್ಲುಗಳಿವೆ. ಊರು ಹಾಳಾಗುವಾಗ ಅಡ್ಡ ನಿಂತವನು, ಹೆಣ್ಣುಮಕ್ಕಳ ಮಾನ ಕಾಯಲು ಹೋದವನು ಎಲ್ಲರೂ ವೀರರೇ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಇಂಥ ಕಲ್ಲುಗಳನ್ನು ಹತ್ತಿರದಿಂದ ನೋಡಬಹುದು.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಕಲ್ಲಿನ ಚಿತ್ರಕ್ಕಿಂತ ಅದರ ಮೇಲಿನ ಬರಹ. ಎಷ್ಟೋ ಶಾಸನಗಳ ಕೊನೆಯಲ್ಲಿ ಕಲ್ಲನ್ನು ನಿಲ್ಲಿಸಿದವರು ಯಾರು ಎಂದಿರುತ್ತದೆ. ತಮ್ಮ ನಿಲ್ಲಿಸಿದ, ಮಗ ನಿಲ್ಲಿಸಿದ, ಹೆಂಡತಿ ನಿಲ್ಲಿಸಿದಳು. ಅರಸ ಬಂದು ಮಾಲೆ ಹಾಕುವ ತನಕ ಮನೆಯವರು ಕಾಯಲಿಲ್ಲ. ಅರಸನ ಪಾಲು ಬೇರೆ ಇತ್ತು: ಸತ್ತವನ ಮನೆತನಕ್ಕೆ ಹೊಲ ಬಿಡುವುದು. ಅದಕ್ಕೆ ನೆತ್ತರುಗೊಡಗೆ ಎಂಬ ಹೆಸರಿತ್ತು. ಊರಿನ ಪಾಲು ಪೂಜೆ. ಹೀಗೆ ಕಲ್ಲು ಮನೆಯದು, ಹೊಲ ರಾಜ್ಯದ್ದು, ದೀಪ ಊರಿನದು. ಮೂರೂ ಕೂಡಿದರೇ ಸ್ಮರಣೆ.

ಈ ಹೊಣೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರು ಎನ್ನುವುದಕ್ಕೆ ಮಂಡ್ಯ ಸೀಮೆಯ ಆತಕೂರಿನ ಶಾಸನ ಸಾಕ್ಷಿ. ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಗಂಗರ ಬೂತುಗ ಕೃಷ್ಣನ ಕಡೆ ಕಾದಿದ. ಬೂತುಗನ ಆಳು ಮಣಲೆರ ತೋರಿದ ಪರಾಕ್ರಮಕ್ಕೆ ಮೆಚ್ಚಿ ಒಡೆಯ ಏನು ಬೇಕು ಕೇಳು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ ಎರಡೂ ಸತ್ತವು. ಮಣಲೆರ ಕಲ್ಲು ನಿಲ್ಲಿಸಿ ಅದರ ಪೂಜೆಗೆ ಹೊಲ ಬಿಟ್ಟ. ಆ ಹೊಲ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಎಂದು ಶಾಸನ ವಿಧಿಸುತ್ತದೆ. ನಾಯಿಯೊಂದಕ್ಕೆ ಇಷ್ಟು! ನೆನಪನ್ನು ನಮ್ಮ ಹಿರಿಯರು ದಿನದ ಅನ್ನದ ಜೊತೆ ಕಟ್ಟಿಹಾಕಿದ್ದರು. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಸೀಮೆಯಲ್ಲಿ ರಜೆಯ ದಿನಕ್ಕೂ ವೀರನ ನೆನಪಿಗೂ ಬಿದ್ದ ಗಂಟು ಬೇರೆ ಎಲ್ಲೂ ಸಿಗಲಾರದು. ಬ್ರಿಟಿಷರ ವಿರುದ್ಧ ಬಂಡೆದ್ದ ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು 1798ರ ಆಗಸ್ಟ್ 15ರಂದು ಎಂದು ನಾಡು ಆಚರಿಸುತ್ತದೆ. ಅವನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು, ಅಳ್ನಾವರಕ್ಕೆ ನೆರೆಯಾದ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ. ಕಿತ್ತೂರು ಸಂಸ್ಥಾನದಲ್ಲಿ ರಾಯಣ್ಣ ಶೇತ್‌ಸನದಿ, ಅಂದರೆ ಸೇವೆಗೆ ಪ್ರತಿಯಾಗಿ ಹೊಲ ಉಳುವವನು. ಬ್ರಿಟಿಷರು ಆ ಹೊಲದ ಬಹುಪಾಲನ್ನು ಕಸಿದರು, ಉಳಿದದ್ದಕ್ಕೆ ಭಾರೀ ಕಂದಾಯ ಹೇರಿದರು. ವೀರನಿಗೆ ಹೊಲ ಕೊಡುವ ನಾಡಿನಲ್ಲಿ ವೀರನ ಹೊಲವನ್ನೇ ಕಸಿದದ್ದು ಅವನ ಬಂಡಾಯದ ಬೇರುಗಳಲ್ಲಿ ಒಂದು.

ನಂದಗಡದ ಸಮಾಧಿಯ ಮೇಲೆ ಆಲದ ಮರವಿದೆ. ರಾಯಣ್ಣನ ಸಂಗಡಿಗ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟ ಸಸಿ ಎಂದು ಜನ ನಂಬುತ್ತಾರೆ. ಗೆಳೆಯನ ಗೋರಿಗೆ ಕಲ್ಲು ನಿಲ್ಲಿಸಲು ಬ್ರಿಟಿಷರ ಆಳಿಕೆಯಲ್ಲಿ ಸಾಧ್ಯವಿತ್ತೇ? ಸಸಿಯನ್ನಾದರೆ ಯಾರೂ ತಡೆಯಲಾರರು. ಹತ್ತಿರದ ಗುಡಿಯಲ್ಲಿ ರಾಯಣ್ಣನ ಮೂರ್ತಿಯ ಎರಡೂ ಬದಿಗೆ ಕಸರತ್ತಿನ ಮರದ ಭಾರಗಳನ್ನು ಇಟ್ಟಿದ್ದಾರೆ. ಅಳ್ನಾವರದ ಕುಟುಂಬವೊಂದು ಆಗಸ್ಟ್ 15ರ ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ಬರಬಹುದು. ಪಾಠದ ಪುಸ್ತಕ ಮಾಡಲಾರದ್ದನ್ನು ಆ ಮರ ಮಾಡುತ್ತದೆ.

ಇದೆಲ್ಲ ಹಳೆಯದೆಂದು ಅನ್ನುವವರು ಧಾರವಾಡ ಜಿಲ್ಲೆಯ ಇನ್ನೊಂದು ತುದಿಗೆ, ಕುಂದಗೋಳ ತಾಲ್ಲೂಕಿನ ಬೆಟದೂರಿಗೆ ಹೋಗಬೇಕು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19 ಸಾವಿರ ಅಡಿಗೂ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರು ದಿನಗಳ ಮೇಲೆ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಉಸಿರಾಡುತ್ತಲೇ ಸಿಕ್ಕರು. ದೇಶವೆಲ್ಲ ಹರಕೆ ಹೊತ್ತಿತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಮರುದಿನ ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಜನ ಸಾಲುಗಟ್ಟಿದರು, ಬೆಟದೂರಿನಲ್ಲಿ ಮಣ್ಣಾಯಿತು. ಅದೇ ಹಿಮದಲ್ಲಿ ಹಾಸನ ಜಿಲ್ಲೆಯ ಮತ್ತು ಮೈಸೂರು ಜಿಲ್ಲೆಯ ಮಕ್ಕಳೂ ಇದ್ದರು. ಅವರ ಹೆಸರುಗಳು ನಮ್ಮ ಭಾಗದಲ್ಲಿ ಎಷ್ಟು ಜನಕ್ಕೆ ಗೊತ್ತು?

ವೀರಗಲ್ಲು ಎಂಬ ಮಾತಂತೂ ಇನ್ನೂ ಬದುಕಿದೆ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ನಡೆದ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ರೈತರ ನೆನಪಿಗೆ ನವಲಗುಂದ–ನರಗುಂದದವರು ನಿಲ್ಲಿಸಿದ್ದು ವೀರಗಲ್ಲನ್ನೇ. ಪ್ರತಿ ವರ್ಷ ಅದೇ ದಿನ ಅಲ್ಲಿ ಹೂಮಾಲೆ ಬೀಳುತ್ತದೆ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲೂ ಎತ್ತರದ ಏಕಶಿಲೆಗೆ ಇಟ್ಟ ಹೆಸರು ಇದೇ.

ಹಾಗಾದರೆ ಮನೆಯವರು ಏನು ಮಾಡಬೇಕು? ಮೊದಲು ಕಲ್ಲಿನ ಮಾತು. ಸುತ್ತಲಿನ ಹುಲ್ಲು ಕೀಳಿ, ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಬಣ್ಣ ಬಳಿಯಬೇಡಿ, ಆ್ಯಸಿಡ್ ಹಾಕಿ ತಿಕ್ಕಬೇಡಿ, ಅಕ್ಷರಗಳ ಮೇಲೆ ಸಿಮೆಂಟ್ ಮೆತ್ತಬೇಡಿ. ಭಕ್ತಿಯಿಂದಲೇ ಎಷ್ಟೋ ಬರಹ ಹಾಳಾಗಿದೆ.

ಆಮೇಲೆ ಮನುಷ್ಯರ ಮಾತು, ಇದೇ ದೊಡ್ಡದು. ವೀರನಾರಿಯರನ್ನು, ಅಂದರೆ ಮಡಿದ ಸೈನಿಕರ ಹೆಂಡಂದಿರನ್ನು, ಅವರ ತಂದೆತಾಯಿಗಳನ್ನು ವೇದಿಕೆಯ ಮೇಲೆ ಎರಡು ತಾಸು ಕೂರಿಸಿ, ಭಾಷಣಗಳ ನಡುವೆ ಒಂದು ಶಾಲು ಹೊದಿಸಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಅವರ ಮನೆಗೆ ನಾವೇ ಹೋಗಬೇಕು. ಪರಿಹಾರ ಎಷ್ಟು ಬಂತು ಎಂದು ಕೇಳಬಾರದು. ‘ಯವ್ವಾ, ಸಣ್ಣಾಂವ ಇದ್ದಾಗ ಹೆಂಗಿದ್ದ ನಿಮ್ಮ ಮಗಾ?’ ಎಂದು ಕೇಳಿ ಸುಮ್ಮನೆ ಕೂರಬೇಕು. ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಗಳಲ್ಲಿ ತಮ್ಮೂರ ಸೈನಿಕನ ಹೆಸರನ್ನೂ ಸೇರಿಸಿಕೊಳ್ಳಬಹುದು. ದಸರೆಯ ಬನ್ನಿ ಕೊಡಲು ಮೊದಲು ಆ ಮನೆಗೆ ಹೋಗಬಹುದು. ಅವರ ಹೊಲ ಹರಗುವುದು ಬಿತ್ತುವುದು ಮುಂಗಾರಿನಲ್ಲಿ ತಡವಾಗಿದ್ದರೆ ಊರಿನ ನಾಲ್ಕು ಜನ ಒಂದು ದಿನ ನೇಗಿಲೋ ಟ್ರ್ಯಾಕ್ಟರೋ ಹೂಡಬಹುದು. ನೆತ್ತರುಗೊಡಗೆಯ ಇಂದಿನ ರೂಪ ಅದು.

ರಾಜ್ಯದ ಪಾಲಿಗೆ ಕೈಜೋಡಿಸುವ ದಾರಿಯೂ ಇದೆ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡೆದು ಬಂದದ್ದು. ಅಂದು ಅಂಗಿಗೆ ಚುಚ್ಚಿಕೊಳ್ಳುವ ಸಣ್ಣ ಧ್ವಜಕ್ಕೆ ಕೊಟ್ಟ ಹಣ ಸೈನಿಕ ಕಲ್ಯಾಣಕ್ಕೆ, ಮಾಜಿ ಸೈನಿಕರ ಮತ್ತು ಅಗಲಿದವರ ಕುಟುಂಬಗಳಿಗೆ ಸಲ್ಲುತ್ತದೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ನೇರವಾಗಿಯೂ ಕೊಡಬಹುದು. ಹಳ್ಳಿಯ ಹಿರಿಯ ತಾಯಿಯೊಬ್ಬಳ ಪಿಂಚಣಿ ಕಾಗದ ಅಲ್ಲಿ ನಿಂತಿದ್ದರೆ, ಓದುಬರಹ ಬಲ್ಲ ಯುವಕ ಅವಳ ಜೊತೆ ಹೋಗಿ ಬರುವುದು ಧ್ವಜ ಕೊಳ್ಳುವುದಕ್ಕಿಂತ ದೊಡ್ಡ ಗೌರವ.

ಕೊನೆಗೆ ಬರಹ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರುವರಿ 25ರಂದು ಉದ್ಘಾಟನೆಯಾಯಿತು. ಅದರ ತ್ಯಾಗ ಚಕ್ರದ ಗೋಡೆಗಳಲ್ಲಿ ಸ್ವಾತಂತ್ರ್ಯಾನಂತರ ಮಡಿದ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ನಮ್ಮ ಊರಿನವರು ಆ ಗೋಡೆಯಲ್ಲಿ ಎಲ್ಲಿದ್ದಾರೆ ಎಂದು ಹುಡುಕುವ ಕೆಲಸವನ್ನು ಶಾಲೆಯ ಮಕ್ಕಳಿಗೆ ಕೊಡಬೇಕು. ಜೊತೆಗೆ ಮನೆಯಲ್ಲಿರುವ ಸೈನಿಕನ ಫೋಟೊದ ಹಿಂದೆ ಶಾಯಿಯಲ್ಲಿ ಬರೆದಿಡಿ: ಹೆಸರು, ಪಡೆ, ಸೈನಿಕ ಸಂಖ್ಯೆ, ತೀರಿಕೊಂಡ ಜಾಗ, ದಿನ, ತಾಯಿಯ ಹೆಸರು. ನಮ್ಮ ಊರುಗಳ ವೀರಗಲ್ಲುಗಳಲ್ಲಿ ಅಕ್ಷರವಿಲ್ಲದವು ಬಹಳ ಇವೆ, ಅವುಗಳೊಳಗಿನ ಮನುಷ್ಯ ಯಾರೆಂದು ಇಂದು ಯಾರೂ ಹೇಳಲಾರರು. ಬರೆದದ್ದರ ಒಂದು ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಇನ್ನೊಂದು ಆ ಸೈನಿಕ ಓದಿದ ಕನ್ನಡ ಶಾಲೆಯಲ್ಲಿ ಇರಲಿ.