ಐದು ವರ್ಷದ ಮಾತ್ರೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಂದ ಮಂಗಳೂರಿಗೆ ಹೋಗಿ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಲವು ಮಹಿಳೆಯರ ಔಷಧಿ ಚೀಟಿಯಲ್ಲಿ ಟಮಾಕ್ಸಿಫೆನ್ ಮಾತ್ರೆಯಿರುತ್ತದೆ. 1962ರಲ್ಲಿ ಬ್ರಿಟನ್ನಿನಲ್ಲಿ ಗರ್ಭನಿರೋಧಕ ಹುಡುಕುವಾಗ ಸಿಕ್ಕ ವಸ್ತುವಿದು.

ಕೆಲವು ಗೆಡ್ಡೆಗಳು ಈಸ್ಟ್ರೋಜೆನ್ ಹಾರ್ಮೋನಿನ ಬಲದಿಂದ ಬೆಳೆಯುತ್ತವೆ. ಸ್ತನದ ಜೀವಕೋಶದಲ್ಲಿ ಆ ಹಾರ್ಮೋನು ಕೂರಬೇಕಾದ ಜಾಗವನ್ನು ಟಮಾಕ್ಸಿಫೆನ್ ಆಕ್ರಮಿಸುತ್ತದೆ. ಸಾಮಾನ್ಯವಾಗಿ ದಿನಕ್ಕೆ 20 ಮಿಲಿಗ್ರಾಂನಂತೆ 5 ವರ್ಷ, ಕೆಲವರಿಗೆ 10 ವರ್ಷ ಸೇವಿಸಬೇಕು. ಗುಣವಾಯಿತೆಂದು ನಡುವೆ ಬಿಟ್ಟರೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚುತ್ತದೆ.

ಆದರೆ ಗರ್ಭಕೋಶದಲ್ಲಿ ಇದೇ ಮಾತ್ರೆ ಈಸ್ಟ್ರೋಜೆನ್ನಿನಂತೆ ವರ್ತಿಸುತ್ತದೆ. ಅಪರೂಪಕ್ಕೆ ಅಲ್ಲಿ ಕ್ಯಾನ್ಸರ್ ಉಂಟಾಗಬಹುದು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಲೂಬಹುದು. ಗರ್ಭಿಣಿಯರಿಗೆ ಇದು ನಿಷಿದ್ಧ. ಮುಟ್ಟು ನಿಂತ ಮೇಲೆ ರಕ್ತಸ್ರಾವ, ಕಾಲಿನ ಊತ, ಏದುಸಿರು ಕಂಡರೆ ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ಮಾತ್ರೆ ಮುಂದುವರಿಸುವುದೋ ನಿಲ್ಲಿಸುವುದೋ ಅವರೇ ಹೇಳಲಿ.